ಪೆಟ್ಟಿಗೆ ಕಾಯುವವರು, ಪಟ್ಟಿ ಓದದವರು

ವರ್ಷ ವರ್ಷವೂ ಹೊಸ ಆವೃತ್ತಿ ಕಾಣುವ, ಊರೂರಿಗೂ ತಲುಪುವ, ಆದರೆ ನಮ್ಮ ಯಾವ ವಿಮರ್ಶಕನೂ ಕೈಯಲ್ಲಿ ಹಿಡಿದು ಓದದ ಕನ್ನಡ ಪುಸ್ತಕವೊಂದಿದೆ. ಅದರ ಹೆಸರು ಮತದಾರರ ಪಟ್ಟಿ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅದರಲ್ಲಿ 5 ಕೋಟಿ 31 ಲಕ್ಷ ಹೆಸರುಗಳಿದ್ದವು. ಯಾವ ಮಹಾಕಾವ್ಯದಲ್ಲೂ ಇಷ್ಟು ಜನರಿಲ್ಲ. ಕುಲಕರ್ಣಿಯ ದಫ್ತರದಲ್ಲಿ ಭೂಮಿ ಇದ್ದವನಿಗಷ್ಟೇ ಹೆಸರು. ಗುಡಿಯ ಶಾಸನದಲ್ಲಿ ದಾನ ಕೊಟ್ಟವನಿಗಷ್ಟೇ ಹೆಸರು. ಇಲ್ಲಿ ಮಾತ್ರ ಹದಿನೆಂಟು ತುಂಬಿದ ಯಾರಿಗಾದರೂ ಹೆಸರುಂಟು. ಗೌಡನೂ ಅವನ ಮನೆಯ ಆಳೂ ಒಂದೇ ಅಳತೆಯ ಅಕ್ಷರದಲ್ಲಿ ನಿಲ್ಲುವ ಜಾಗ ಈ ದೇಶದಲ್ಲಿ ಇನ್ನೆಲ್ಲಿದೆ, ನನಗೆ ಗೊತ್ತಿಲ್ಲ.

ಆದ್ದರಿಂದಲೇ ಈ ಪುಸ್ತಕದ ಮೇಲೆ ಕೆಲವರಿಗೆ ಕಣ್ಣು. ಹಿಂದೆ ಮತಗಟ್ಟೆಗೆ ಬರುವ ದಾರಿಯಲ್ಲಿ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಈಗ ದೊಣ್ಣೆ ಬೇಕಾಗಿಲ್ಲ. ಒಂದು ಹೆಸರಿನ ಮೇಲೆ ಅಡ್ಡ ಮುದ್ರೆ ಬಿದ್ದರೆ ಸಾಕು, ಹೆಸರಿನವನು ತಾನೇ ಬಂದು, ಸರದಿಯಲ್ಲಿ ನಿಂತು, ತಾನೇ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಇದರ ವಿರುದ್ಧ ಕೆಲಸ ಮಾಡುತ್ತೇವೆನ್ನುವ ಸಂಘ-ಸಂಸ್ಥೆಗಳು ಈಗ ಬಹಳವಿವೆ. ಅವುಗಳ ಕೆಲಸವನ್ನು ಒಂದು ಕೃತಿಯ ಗುಣದೋಷ ನೋಡುವ ಹಾಗೆಯೇ ನೋಡಬೇಕೆಂದು ಈ ಲೇಖನ. ಆದರೆ ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೆಸರು ನನ್ನ ಕಾಲಿಗೂ ಹತ್ತಿದೆ.

ನಾನು ಕರ್ಜಗಿ ಸೀಮೆಯವನು. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೆ ಈ ಊರಿನ ಹೆಸರಿತ್ತು, ಕಚೇರಿ ಮಾತ್ರ ಹಾವೇರಿಯಲ್ಲಿ. ಈಗ ಒಂದು ರೈಲು ನಿಲ್ದಾಣ, ಪಕ್ಕದಲ್ಲಿ ವರದಾ ಹೊಳೆ, ವರ್ಷಕ್ಕೊಮ್ಮೆ ಕಾರಹುಣ್ಣಿಮೆಯ ಗದ್ದಲ. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಸುತ್ತಿನ ಒಂದು ಹಳ್ಳಿಯಲ್ಲಿದ್ದಾಗ ಬೂತ್ ಮಟ್ಟದ ಅಧಿಕಾರಿಯ ಕೆಲಸವೂ, ಅಂದರೆ ಎಲ್ಲರೂ ಬಿಎಲ್ಓ ಅನ್ನುವ ಕೆಲಸವೂ, ನನ್ನ ಕೊರಳಿಗೆ ಬಿತ್ತು. ಪಟ್ಟಿ ಪರಿಷ್ಕರಣೆ ಬರುವುದು ನವೆಂಬರ್-ಡಿಸೆಂಬರಿನಲ್ಲಿ. ಜನವರಿ 1ಕ್ಕೆ ಹದಿನೆಂಟು ತುಂಬಿದವರ ಲೆಕ್ಕ ಹಿಡಿಯುವುದು ಹಳೆಯ ಪದ್ಧತಿಯಾದ್ದರಿಂದ ಕಾಗದದ ಕೆಲಸವೆಲ್ಲ ಅದಕ್ಕೆ ಮುಂಚೆ ಮುಗಿಯಬೇಕು. ನಮ್ಮ ಕಡೆ ಗೋವಿನಜೋಳ ಮುರಿದು, ಹತ್ತಿ ಬಿಡಿಸಿ, ಕೇರಿ-ತಾಂಡಾಗಳು ಗುಳೆ ಹೊರಡುವುದೂ ಅದೇ ತಿಂಗಳಲ್ಲಿ. ಕೆಲವರು ಕಬ್ಬು ಕಡಿಯಲಿಕ್ಕೆ, ಕೆಲವರು ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳಿಗೆ. ಹತ್ತಿರವೇ ಇರುತ್ತೇವೆಂದವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲಿಕ್ಕೆ. ಹೊಲ ಇದ್ದವನು ಮನೆಯಲ್ಲಿರುವ, ಹೊಲ ಇಲ್ಲದವನು ಊರಲ್ಲಿಲ್ಲದ ತಿಂಗಳನ್ನೇ ಆರಿಸಿ ಸರ್ಕಾರ ಬಾಗಿಲು ತಟ್ಟುತ್ತದೆ. ಇದು ಬೇಕೆಂದೇ ಮಾಡಿದ್ದಲ್ಲದಿರಬಹುದು. ಆದರೆ ಈ ವ್ಯವಸ್ಥೆಯಲ್ಲಿ ಬಡವನಿಗೆ ಬೀಳುವ ಏಟುಗಳಲ್ಲಿ ಮುಕ್ಕಾಲು ಪಾಲು ಬೇಕೆಂದೇ ಹೊಡೆದವಲ್ಲ, ತಾವಾಗಿ ಬೀಳುವಂಥವು.

ನಾನು ತಟ್ಟಿದ ಒಂದು ಬಾಗಿಲಿಗೆ ಬೀಗ ಇತ್ತು. ಎರಡನೆಯ ಸಲ ಹೋದಾಗಲೂ ಬೀಗ. ಪಕ್ಕದ ಮನೆಯಲ್ಲಿ ಕೇಳಿದೆ, "ಹ್ವಾದ್ರು" ಅಂದರು. ಎಲ್ಲಿಗೆ, ಯಾವಾಗ ಬರ್ತಾರೆ ಅಂತ ಕೇಳಲಿಲ್ಲ. ನನಗೆ ಶಾಲೆ ಇತ್ತು, ಬಿಸಿಯೂಟದ ಲೆಕ್ಕ ಇತ್ತು, ಮೇಲಿನಿಂದ ಫೋನು ಬರುತ್ತಿತ್ತು. ಐದು ಹೆಸರಿನ ಮುಂದೆ "ಸ್ಥಳಾಂತರ" ಅಂತ ಬರೆದೆ. ಯುಗಾದಿ ಹೊತ್ತಿಗೆ ಅವರು ವಾಪಸು ಬಂದರು. ಮುಂದಿನ ಚುನಾವಣೆಯ ದಿನ ಆ ಮನೆಯ ಮುದುಕಿ ಮತಗಟ್ಟೆಯ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿದಳು.

"ಮಾಸ್ತರ್‍ರ, ನಾವೇನ್ ಸತ್ತೇವನ್ರಿ?"

"ಇಲ್ಲ ಯವ್ವಾ, ಊರು ಬಿಟ್ಟೀರಿ ಅಂತ ಬರದೈತಿ."

"ಊರ ಬಿಡಾಕ ಊರೇನ್ ನಮ್ದನ್ರಿ?"

ಬರೆದವನು ನಾನೇ ಅಂತ ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕಾನೂನು ಓದಿದ್ದು ಆಮೇಲೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನಲ್ಲಿ ಎರಡು ಮಾತಿವೆ. ಒಂದು ಊರಲ್ಲಿ ಮನೆ ಇದೆ ಅನ್ನುವುದೊಂದರಿಂದಲೇ ಯಾರೂ ಆ ಊರಿನ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂಬುದು ಒಂದು. ತಾತ್ಕಾಲಿಕವಾಗಿ ಊರು ಬಿಟ್ಟು ಹೋದದ್ದರಿಂದಲೇ ಯಾರೂ ನಿವಾಸಿಯಲ್ಲದವರಾಗುವುದಿಲ್ಲ ಎಂಬುದು ಇನ್ನೊಂದು. ಮಾಸ್ತರರೇ, ಇದನ್ನು ಎರಡು ಸಲ ಓದಿ. ಹುಬ್ಬಳ್ಳಿಯಲ್ಲಿ ಬಂಗಲೆ ಕಟ್ಟಿಕೊಂಡು, ಜಾತ್ರೆಗೊಮ್ಮೆ ಬಂದು ವಾಡೆಯ ಬೀಗ ತೆಗೆಯುವ ಧಣಿಗೆ ಬರೇ ಆ ವಾಡೆಯ ಬಲದಿಂದ ಹಳ್ಳಿಯಲ್ಲಿ ಓಟಿಲ್ಲ. ಆರು ತಿಂಗಳು ಕಬ್ಬಿನ ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡಿದ್ದು ಯುಗಾದಿಗೆ ಬರುವವಳಿಗೆ ಓಟಿದೆ. ಕಾನೂನು ಅಷ್ಟು ಸ್ಪಷ್ಟ. ಆದರೆ ಧಣಿಯ ಹೆಸರನ್ನು ತೆಗೆಯುವ ಧೈರ್ಯ ನನ್ನಂಥ ಯಾವ ಬಿಎಲ್ಓಗೆ ಬಂದೀತು? ಗುಡಿಸಲಿನ ಬೀಗ ನೋಡಿದ ಕೂಡಲೇ ಪೆನ್ನು ತಾನಾಗಿ ಓಡುತ್ತದೆ.

ಈಗ ಸಂಘಟನೆಗಳ ಮಾತಿಗೆ ಬರೋಣ. ಅವುಗಳ ಭಾಷೆಯನ್ನೇ ಮೊದಲು ನೋಡಬೇಕು. ಚುನಾವಣೆ ಬಂದಾಗ ನಮ್ಮ ಶಾಲೆಗಳಿಗೆ ಬರುವ ಕರಪತ್ರ, ಗೋಡೆಬರಹ, ಬೀದಿನಾಟಕ ಯಾವುದನ್ನೇ ತೆಗೆದುಕೊಳ್ಳಿ, ಸರ್ಕಾರದ್ದಾಗಲಿ ಪಟ್ಟಣದ ಸಂಸ್ಥೆಗಳದ್ದಾಗಲಿ, ಅಲ್ಲಿ ಮತದಾರ ಒಬ್ಬ ಆರೋಪಿ. ಹೆಂಡಕ್ಕೆ ಓಟು ಮಾರಬೇಡ, ಸೀರೆಗೆ ಮಾರಬೇಡ, ಜಾತಿ ನೋಡಬೇಡ, ಮನೆಯಲ್ಲಿ ಮಲಗಬೇಡ. ಕೇರಿಯ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ಬುದ್ಧಿ ಹೇಳುವ ಹಳೆಯ ಚಟ ಇದು, ಚಾವಡಿಯಿಂದ ಕರಪತ್ರಕ್ಕೆ ಬಂದಿದೆ ಅಷ್ಟೇ. ಅವನು ಕಳ್ಳನಾಗಬಹುದು ಎಂಬ ಎಚ್ಚರಿಕೆ ನೂರು ಕಡೆ ಇದೆ. ಅವನದ್ದನ್ನೇ ಯಾರೋ ಕದ್ದಿರಬಹುದು, ಹೋಗಿ ನೋಡಿಕೋ ಎಂಬ ಮಾತು ಅಪರೂಪ.

"ಮತದಾನ" ಎಂಬ ಮಾತನ್ನೇ ನೋಡಿ. ದಾನ ಕೊಡುವುದು ಉಳ್ಳವನ ಕೆಲಸ. ತೆಗೆದುಕೊಳ್ಳುವುದು ಈ ದೇಶದಲ್ಲಿ ಒಂದು ಜಾತಿಗೆ ಹಕ್ಕಾಗಿತ್ತು, ಇನ್ನೊಂದು ಜಾತಿಗೆ ಅವಮಾನವಾಗಿತ್ತು. ತನ್ನ ಆಳ್ವಿಕೆಯನ್ನು ತಾನೇ ಆರಿಸುವ ಕೆಲಸವನ್ನು ದಾನವೆಂದು ಕರೆದ ಪಂಡಿತರು ಯಾರೋ ಕಾಣೆ. ದಾನವಾದರೆ ಕೊಡದಿದ್ದರೂ ನಡೆಯುತ್ತದೆ, ದಾನಿಯ ಹೆಸರು ಬಿಟ್ಟುಹೋದರೆ ಅಯ್ಯೋ ಪಾಪ ಅಂದರಾಯಿತು. ನಮ್ಮ ಜನ ಇವತ್ತಿಗೂ "ಓಟು ಹಾಕಿ ಬಂದೆ" ಅನ್ನುತ್ತಾರೆ. ಗೊಬ್ಬರ ಹಾಕಿದ ಹಾಗೆ, ಕೂಗು ಹಾಕಿದ ಹಾಗೆ. ಅದು ಕೆಲಸದ ಭಾಷೆ. ಇಷ್ಟು ವರ್ಷವಾದರೂ ಒಂದು ಸಂಘಟನೆಗೂ ತನ್ನ ಕರಪತ್ರದಲ್ಲಿ ಈ ಭಾಷೆ ಬಳಸಬೇಕೆನ್ನಿಸಲಿಲ್ಲ.

"ಜಾಗೃತಿ" ಎಂಬುದು ಇನ್ನೊಂದು. ಈ ಶಬ್ದ ಎಷ್ಟು ಟೊಳ್ಳಾಗಿದೆ ಎಂಬುದು 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಯಲಾಯಿತು. ಚಿಲುಮೆ ಎಂಬ ಸಂಸ್ಥೆಗೆ ಮನೆಮನೆಗೆ ಹೋಗಿ ಮತದಾರರಲ್ಲಿ ಜಾಗೃತಿ ಮೂಡಿಸಲು ಬೆಂಗಳೂರು ಮಹಾನಗರ ಪಾಲಿಕೆ ಅನುಮತಿ ಕೊಟ್ಟಿತ್ತು. ಆ ಸಂಸ್ಥೆಯ ಕಡೆಯವರು ಬಿಎಲ್ಓಗಳೆಂದು ಹೇಳಿಕೊಂಡು ಜನರ ಜಾತಿ, ಭಾಷೆ ಮುಂತಾದ ವಿವರ ಬರೆದುಕೊಂಡರೆಂದು ಪತ್ರಿಕೆಗಳು ಬಯಲಿಗೆಳೆದವು. ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಲು ಹೇಳಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರು ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ನೋಡಬೇಕೆಂದಿತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು, ಬಾಯಲ್ಲಿ ಪ್ರಜಾಪ್ರಭುತ್ವ. ಮತ ಕಾಯುವವನ ವೇಷ ಹಾಗೂ ಮತ ಕದಿಯುವವನ ವೇಷ ಒಂದೇ ಆದಾಗ, ಬಾಗಿಲಲ್ಲಿ ನಿಂತ ಹೆಂಗಸು ಯಾರನ್ನು ನಂಬಬೇಕು? ಆಕೆ ತನಗೆ ಗೊತ್ತಿರುವ ಮುಖವನ್ನಷ್ಟೇ ನಂಬಿಯಾಳು. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಸೀಮೆಗೆ ಈ ಹೋರಾಟ ಹೊಸದಲ್ಲ. ಕರ್ಜಗಿ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಇಷ್ಟು ಕಂದಾಯ ಕಟ್ಟುವವನಿಗೆ, ಇಷ್ಟು ಆಸ್ತಿ ಇದ್ದವನಿಗೆ ಮಾತ್ರ ಓಟಿತ್ತು. ಹೊಲೆಯನಿಗೆ, ಮಾದಿಗನಿಗೆ ಪಟ್ಟಿಯ ಬಾಗಿಲೇ ಇರಲಿಲ್ಲ. ಬಾಬಾಸಾಹೇಬರು 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದಾಗ ಅವರಿಗೆ ಇಪ್ಪತ್ತೇಳು ವರ್ಷ. ಬಹಿಷ್ಕೃತ ಹಿತಕಾರಿಣಿ ಸಭಾ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ವಯಸ್ಸಿಗೆ ಬಂದ ಎಲ್ಲರಿಗೂ ಮತದ ಹಕ್ಕು ಕೇಳಿತು. ಮತ ತಡೆಯುವುದರ ವಿರುದ್ಧ ಕೆಲಸ ಮಾಡಿದ ಸಂಘಟನೆ ಅಂದರೆ ನನ್ನ ಮಟ್ಟಿಗೆ ಅದೇ ಮೊದಲನೆಯದು. ಅಲ್ಲಿಂದ ಈಚೆಗೆ ಬಂದವರೆಲ್ಲ, ತಿಳಿದೋ ತಿಳಿಯದೆಯೋ, ಅದರ ಮಕ್ಕಳು.

ಅಂಬೇಡ್ಕರರು ಓಟಿನ ಹಕ್ಕು ಸಿಕ್ಕಿತು, ಇನ್ನೇನು ಎಂದು ಕೂರಲಿಲ್ಲ. 1949ರ ಜೂನ್ 15ರಂದು ಸಂವಿಧಾನ ಸಭೆಯಲ್ಲಿ ಅವರು ಚುನಾವಣಾ ಆಯೋಗವನ್ನು ಕೇಂದ್ರದ ಮಟ್ಟಕ್ಕೆ ತರುವ ತಿದ್ದುಪಡಿ ಮಂಡಿಸಿದರು. ಅದಕ್ಕೆ ಕೊಟ್ಟ ಕಾರಣವನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಕೆಲವು ಪ್ರಾಂತಗಳಲ್ಲಿ ಅಲ್ಲಿನ ಪ್ರಬಲರಿಗಿಂತ ಭಾಷೆಯಲ್ಲೋ ಸಂಸ್ಕೃತಿಯಲ್ಲೋ ಬೇರೆಯಾದವರನ್ನು ಪಟ್ಟಿಯಿಂದಲೇ ಹೊರಗಿಡುವ ಯತ್ನ ನಡೆದಿದೆ ಎಂಬ ದೂರು ಬಂದಿದೆ ಎಂದು ಅವರು ಸಭೆಗೆ ಹೇಳಿದರು. ಪ್ರಾಂತೀಯ ಸರ್ಕಾರದ ದ್ವೇಷದಿಂದಾಗಲಿ ಒಬ್ಬ ಅಧಿಕಾರಿಯ ಮರ್ಜಿಯಿಂದಾಗಲಿ ಹಕ್ಕಿರುವ ಯಾರೂ ಹೊರಗುಳಿಯಬಾರದು, ಅದಕ್ಕೇ ಆಯೋಗ, ಎಂದರು. ಒಬ್ಬ ಮತದಾರನೂ ಇನ್ನೂ ಓಟು ಹಾಕಿರದ ಕಾಲದಲ್ಲೇ ಕಳ್ಳತನ ಪೆಟ್ಟಿಗೆಯಲ್ಲಲ್ಲ, ಪಟ್ಟಿಯಲ್ಲಿ ಶುರುವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಭಯಕ್ಕೆ ಉತ್ತರವಾಗಿ ಕಟ್ಟಿದ ಸಂಸ್ಥೆಯನ್ನೇ ಎದುರು ಹಾಕಿಕೊಂಡು ಇವತ್ತು ಜನ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದಿದೆ.

ಮೊದಲ ಚುನಾವಣೆಯ ಪಟ್ಟಿ ತಯಾರಿಸಿದ ಕಥೆಯನ್ನು ಓರ್ನಿತ್ ಶಾನಿ ಎಂಬ ಇತಿಹಾಸಕಾರ್ತಿ 2018ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ವಿವರವಾಗಿ ಹೇಳಿದ್ದಾರೆ. ದೇಶ ವಿಭಜನೆಯಾಗಿ ನಿರಾಶ್ರಿತರಾಗಿ ಬಂದವರು ಸಣ್ಣ ಸಣ್ಣ ಸಂಘ ಕಟ್ಟಿಕೊಂಡು, ನಮ್ಮ ಹೆಸರೇಕೆ ಬರೆದುಕೊಳ್ಳುತ್ತಿಲ್ಲ ಎಂದು ಸಂವಿಧಾನ ಸಭೆಯ ಕಾರ್ಯಾಲಯಕ್ಕೆ ಕಾಗದದ ಮೇಲೆ ಕಾಗದ ಬರೆದರು. ಕಾರ್ಯಾಲಯವೂ ಉತ್ತರ ಕೊಟ್ಟಿತು, ನಿಯಮ ತಿದ್ದಿತು. ಆ ಕಾಗದಗಳಲ್ಲಿ ಭಿಕ್ಷೆಯ ದನಿ ಇಲ್ಲ. ಇನ್ನೂ ಜಾರಿಗೆ ಬಾರದ ಸಂವಿಧಾನದ ಕಲಮುಗಳನ್ನು ಹಿಡಿದು ಅವರು ವಾದ ಮಾಡುತ್ತಿದ್ದರು.

ಅದೇ ಪಟ್ಟಿಯ ಇನ್ನೊಂದು ಮುಖವೂ ಇದೆ. 1951-52ರ ಚುನಾವಣೆಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು, ಹೆಚ್ಚಿನವು ಉತ್ತರದ ರಾಜ್ಯಗಳಲ್ಲಿ. ಅವರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದು ಒಪ್ಪಲಿಲ್ಲ. ಮುಂದಿನ ಸಲಕ್ಕೆ ಬಹಳಷ್ಟು ಹೆಂಗಸರು ಹೆಸರು ಹೇಳಿಯೇ ಹೇಳಿದರು, ಆದ್ದರಿಂದ ಆಯುಕ್ತರು ಮಾಡಿದ್ದು ಸರಿಯೇ ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ನಮ್ಮ ಕಡೆಯ ಹೆಂಗಸರನ್ನು ನೋಡಿ. ಗಂಡನ ಹೆಸರು ಹೇಳಬಾರದೆಂದಾಗ ಒಡಪು ಕಟ್ಟಿ ಹೇಳಿದವರು ಅವರು. ಕೇಳುವವರು ಕೂತು ಕೇಳಿದರೆ ಹೆಸರು ಬರುತ್ತದೆ. ಅಂಗಳದಲ್ಲಿ ನಿಂತು ಗಡಿಬಿಡಿಯಲ್ಲಿ ಕೇಳಿದವನಿಗೆ ಬರುವುದಿಲ್ಲ. ಬಿಟ್ಟುಹೋದ 28 ಲಕ್ಷ ಹೆಸರು ಹೆಂಗಸರ ಮೌನದ ಲೆಕ್ಕ ಮಾತ್ರ ಅಲ್ಲ, ಕೇಳಿದ ಗಂಡಸರ ಅವಸರದ ಲೆಕ್ಕವೂ ಹೌದು. ಆ ಬೀಗ ಹಾಕಿದ ಮನೆಯ ಮುಂದೆ ನನಗಿದ್ದ ಅವಸರವೂ ಇದೇ.

ಈಚಿನವರ ಕೆಲಸ ನೋಡೋಣ. ನ್ಯಾಯಾಲಯದ ದಾರಿ ಹಿಡಿದವರಲ್ಲಿ ಮುಖ್ಯವಾದದ್ದು 1999ರಲ್ಲಿ ಹುಟ್ಟಿದ ಎಡಿಆರ್, ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ. 2025ರಲ್ಲಿ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೆದು ಆಗಸ್ಟ್ 1ರ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಹೊರಗುಳಿದಾಗ ಈ ಸಂಘದವರು, ಪಿಯುಸಿಎಲ್‌ನವರು, ಇನ್ನೂ ಹಲವರು ಸುಪ್ರೀಂ ಕೋರ್ಟಿನಲ್ಲಿದ್ದರು. ಆಗಸ್ಟ್ 14ರಂದು ನ್ಯಾಯಾಲಯ ಆ 65 ಲಕ್ಷ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಬೇಕೆಂದಿತು. ಅಲ್ಲಿಯತನಕ ಯಾರು ಬಿಟ್ಟುಹೋದರು, ಯಾಕೆ ಎಂಬುದೇ ಜನರಿಗೆ ಗೊತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ಇದು ದೊಡ್ಡ ಗೆಲುವು, ಸಣ್ಣದು ಮಾಡಿ ಹೇಳುವ ಉದ್ದೇಶ ನನಗಿಲ್ಲ. ಯೋಗೇಂದ್ರ ಯಾದವ್ ಅವರು ಪಟ್ಟಿಯಲ್ಲಿ ಸತ್ತರೆಂದು ಬರೆದಿದ್ದ ಇಬ್ಬರನ್ನು ಜೀವಂತ ಕೋರ್ಟಿನೊಳಗೆ ಕರೆತಂದು ನಿಲ್ಲಿಸಿದ್ದು ಯಾವ ಬೀದಿನಾಟಕಕ್ಕೂ ಕಡಿಮೆಯಿಲ್ಲ. ಆದರೆ ಒಂದು ಮಾತು. ಪ್ರಕಟಿಸಿದ ಹೆಸರನ್ನು ಓದುವವರು ಯಾರು? ಹೆಸರು ಗೋಡೆಗೆ ಅಂಟುತ್ತದೆ, ಜಾಲತಾಣಕ್ಕೆ ಏರುತ್ತದೆ. ಅಕ್ಷರ ಬಾರದವಳಿಗೆ ಗೋಡೆಯೂ ಒಂದೇ, ಜಾಲತಾಣವೂ ಒಂದೇ. ತೀರ್ಪು ದಿಲ್ಲಿಯಿಂದ ಹೊರಟು ಕೇರಿಯ ತುದಿ ಮುಟ್ಟುವ ಕೊನೆಯ ಅರ್ಧ ಮೈಲಿಯನ್ನು ಯಾವ ವಕೀಲನೂ ನಡೆಯಲಾರ.

2018ರ ವಿಧಾನಸಭಾ ಚುನಾವಣೆಗೆ ಮುಂಚೆ ಹೈದರಾಬಾದಿನ ಖಾಲಿದ್ ಸೈಫುಲ್ಲಾ ಎಂಬವರು, ಪಟ್ಟಿಯಲ್ಲಿ ಕಾಣೆಯಾದ ಮುಸ್ಲಿಂ ಮತದಾರರನ್ನು ಹುಡುಕುವ ಮೊಬೈಲ್ ಆ್ಯಪ್ ಮಾಡಿ ಕರ್ನಾಟಕದಲ್ಲೂ ಬಳಕೆಗೆ ತಂದರು. ಪಟ್ಟಿಯಲ್ಲಿ ಒಂದೇ ಹೆಸರಿರುವ ಮನೆಗಳನ್ನು ಗುರುತಿಸಿ, ಒಬ್ಬನೇ ಇರುವ ಮನೆ ಇಷ್ಟೊಂದು ಇರಲಿಕ್ಕೆ ಸಾಧ್ಯವೇ ಎಂದು ಕೇಳುವ ಉಪಾಯ ಅದರದು. ಚುರುಕಾದ ಉಪಾಯ, ನಾವೂ ಕಲಿಯಬೇಕು. ಪುಸ್ತಕವನ್ನು ಪುಸ್ತಕದಂತೆ ಓದಿ ಅದರ ಹರುಕು ಕಂಡುಹಿಡಿದ ವಿಮರ್ಶಕ ಎಂದು ಯಾರನ್ನಾದರೂ ಕರೆಯಬೇಕಾದರೆ ಅವರನ್ನು ಕರೆಯಬೇಕು. 2023ರಲ್ಲಿ ಎದ್ದೇಳು ಕರ್ನಾಟಕ ಎಂಬ ಹೆಸರಿನಲ್ಲಿ ದಲಿತ, ರೈತ, ಮಹಿಳಾ, ಅಲ್ಪಸಂಖ್ಯಾತ ಸಂಘಟನೆಗಳ ಜನ ಕೂಡಿ ಕ್ಷೇತ್ರ ಕ್ಷೇತ್ರ ತಿರುಗಿದರು. ಬಿಟ್ಟುಹೋದ ಹೆಸರು ಸೇರಿಸುವುದೂ ಅವರ ಕೆಲಸಗಳಲ್ಲೊಂದಾಗಿತ್ತು. ನಮ್ಮ ಹುಡುಗರು ಹಲವರು ಅದರಲ್ಲಿ ದುಡಿದರು, ನನಗೆ ಹೆಮ್ಮೆಯಿದೆ. ನನ್ನ ತಕರಾರು ಬೇರೆ. ಈ ಕೆಲಸಗಳೆಲ್ಲ ಚುನಾವಣೆಯ ಬಿಸಿಗೆ ಹುಟ್ಟುತ್ತವೆ. ಯಾರನ್ನೋ ಸೋಲಿಸಬೇಕೆಂಬ ಉರಿ ಇದ್ದಾಗ ಕಾಲಿಗೆ ಬಲ ಬರುತ್ತದೆ. ಫಲಿತಾಂಶದ ಮರುದಿನ ಪಟ್ಟಿ ಮಡಚಿ ಕಪಾಟಿಗೆ ಹೋಗುತ್ತದೆ. ಹೆಸರು ಅಳಿಸುವವನಿಗೆ ಮಾತ್ರ ಅಂಥ ಬಿಡುವಿಲ್ಲ, ಅವನು ಯಾರೂ ನೋಡದ ಡಿಸೆಂಬರಿನಲ್ಲಿ ಕೆಲಸ ಮಾಡುತ್ತಾನೆ.

ಆಳಂದದಲ್ಲಿ ಆದದ್ದು ಇದೇ. ಕಲಬುರಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ 2018ರ ಚುನಾವಣೆ ಇತ್ಯರ್ಥವಾದದ್ದು ಏಳುನೂರಕ್ಕೂ ಕಡಿಮೆ ಓಟಿನಿಂದ. 2023ರ ಚುನಾವಣೆಗೆ ಮುಂಚಿನ ಕೆಲವೇ ತಿಂಗಳಲ್ಲಿ ಅಲ್ಲಿ 6,018 ಹೆಸರು ತೆಗೆದುಹಾಕಿ ಎಂದು ಆನ್‌ಲೈನಿನಲ್ಲಿ ಅರ್ಜಿ ಬಿದ್ದವು. ಫಾರಂ 7ರ ಪ್ರಕಾರ ಅದೇ ಕ್ಷೇತ್ರದ ಯಾವ ಮತದಾರನಾದರೂ ಇನ್ನೊಬ್ಬನ ಹೆಸರಿಗೆ ಆಕ್ಷೇಪ ಎತ್ತಬಹುದು. ಆ ಬಾಗಿಲಿನಿಂದಲೇ ಒಳಗೆ ಬಂದರು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೂ ಗೊತ್ತಿಲ್ಲ, ಯಾರ ಹೆಸರು ತೆಗೆಯಬೇಕಿತ್ತೋ ಅವರಿಗೂ ಗೊತ್ತಿಲ್ಲ. ಒಬ್ಬ ಬಿಎಲ್ಓಗೆ ತನ್ನ ಸಂಬಂಧಿಕನ ಹೆಸರೇ ಆ ಅರ್ಜಿಗಳಲ್ಲಿ ಕಂಡಿತು. ಇದೇನಿದು ಎಂದು ಕೇಳಿದಾಗ ಗಂಟು ಬಿಚ್ಚಿತು. ಮನೆಮನೆಗೆ ಹೋಗಿ ನೋಡಿದರೆ 6,018ರಲ್ಲಿ ನಿಜವಾಗಿ ತೆಗೆಯಬೇಕಾದವು 24 ಮಾತ್ರ. ಉಳಿದ 5,994 ಜನ ಅಲ್ಲೇ ಇದ್ದರು. 2023ರ ಫೆಬ್ರವರಿಯಲ್ಲಿ ಪೊಲೀಸರಲ್ಲಿ ದೂರು ದಾಖಲಾಯಿತು. ವಿಶೇಷ ತನಿಖಾ ದಳ ರಚನೆಯಾಗಲು 2025ರ ಸೆಪ್ಟೆಂಬರ್ ಬರಬೇಕಾಯಿತು. ಒಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಕೊಟ್ಟಿದ್ದರೆಂದು ಆ ದಳ ಕಂಡುಕೊಂಡದ್ದಾಗಿ ಅದೇ ಅಕ್ಟೋಬರಿನಲ್ಲಿ ಪತ್ರಿಕೆಗಳು ಬರೆದವು.

ಎಂಬತ್ತು ರೂಪಾಯಿ! ಮುಂಬಯಿ ಪ್ರಾಂತದಲ್ಲಿ ಕಂದಾಯದ ರೂಪಾಯಿ ಎಣಿಸಿ ನಮ್ಮನ್ನು ಹೊರಗಿಟ್ಟರು. ಈಗ ರೂಪಾಯಿ ಎಣಿಸಿಯೇ ತೆಗೆಯುತ್ತಾರೆ.

ಇಲ್ಲಿ ನಾನು ಹೇಳಬೇಕಾದ್ದು ಒಂದೇ. ಆ 5,994 ಹೆಸರು ಉಳಿಸುವುದಕ್ಕೆ ಶುರು ಮಾಡಿದ್ದು ಜಾಗೃತಿ ಜಾಥಾ ಅಲ್ಲ, ಆ್ಯಪ್ ಅಲ್ಲ, ಪತ್ರಿಕಾಗೋಷ್ಠಿಯೂ ಅಲ್ಲ. ಕಾಗದದ ಮೇಲಿನ ಹೆಸರನ್ನು ನೋಡಿ "ಇವನು ನಮ್ಮವ, ಇಲ್ಲೇ ಇದ್ದಾನಲ್ಲ" ಅನ್ನಬಲ್ಲ ಒಂದು ಜೋಡಿ ಕಣ್ಣು. ಪಟ್ಟಿ ಉಳಿಯುವುದು ಹೆಸರಿನ ಹಿಂದಿನ ಮುಖ ಗೊತ್ತಿರುವವರು ಅದನ್ನು ಓದಿದಾಗ. ಸಂಘಟನೆ ಇರಬೇಕಾದದ್ದು ಆ ಕಣ್ಣುಗಳನ್ನು ಪ್ರತಿ ಕೇರಿಯಲ್ಲಿ ಕೂರಿಸಲಿಕ್ಕೆ. ಆಳಂದದಲ್ಲಿ ಅದು ಅದೃಷ್ಟದಿಂದ ಸಿಕ್ಕಿತು. ಸಂಬಂಧಿಕನ ಬದಲು ಗುರುತಿಲ್ಲದ ದಲಿತನ ಹೆಸರೇ ಮೊದಲು ಕಂಡಿದ್ದರೆ? ಕೇಳಲಿಕ್ಕೇ ಭಯವಾಗುತ್ತದೆ.

ಇನ್ನು ನಮ್ಮ ಮನೆಯ ಮಾತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದವರು ಭೂಮಿಯ ಬಗ್ಗೆ ಮಾತಾಡಿದರು, ಬೆತ್ತಲೆ ಸೇವೆಯ ಬಗ್ಗೆ, ಅತ್ಯಾಚಾರದ ಬಗ್ಗೆ, ಹಾಸ್ಟೆಲಿನ ಅನ್ನದ ಬಗ್ಗೆ ಮಾತಾಡಿದರು. ಚುನಾವಣೆ ಎಂದರೆ ನಮ್ಮ ಕವಿಗಳಿಗೆ ಒಂದು ವ್ಯಂಗ್ಯದ ವಸ್ತು. ಪುಢಾರಿ, ಬಾಟ್ಲಿ, ಮೋಸ. ಚುನಾವಣೆಗೆ ನಿಲ್ಲಬೇಕೋ ಬೇಡವೋ, ಯಾರಿಗೆ ಬೆಂಬಲ ಕೊಡಬೇಕು ಎಂದು ಜಗಳಾಡಿ ಒಡೆದುಕೊಂಡೆವು. ಆ ಜಗಳದಲ್ಲಿ ಎರಡೂ ಕಡೆಯವರು ಓಟು ನಮ್ಮಲ್ಲಿ ಇದ್ದೇ ಇದೆ ಎಂದು ನಂಬಿಕೊಂಡಿದ್ದರು. ಇದೆಯೇ ಎಂದು ಪಟ್ಟಿ ತೆರೆದು ನೋಡಿದವರು ಕಡಿಮೆ. ರಸ್ತೆ ಬರಲಿಲ್ಲ, ಸ್ಮಶಾನಕ್ಕೆ ಜಾಗ ಕೊಡಲಿಲ್ಲವೆಂದು ಮತ ಬಹಿಷ್ಕಾರದ ಬ್ಯಾನರು ಕಟ್ಟುವ ಕೇರಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾವು ಓಟು ಹಾಕುವುದಿಲ್ಲವೆಂದು ಕೂತಾಗ ಒಳಗೊಳಗೇ ನಗುವವನು ಯಾರು ಎಂದು ಬ್ಯಾನರಿನ ಕೆಳಗೆ ಬರೆಯಬೇಕಿತ್ತು. ದಲಿತನನ್ನು ಓಟು ಹಾಕದಂತೆ ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಬಡಿದು ಓಡಿಸಿದರೆ ಕೇಸಾಗುತ್ತದೆ. ಬೀಗ ನೋಡಿ "ಸ್ಥಳಾಂತರ" ಎಂದು ಬರೆದರೆ ಕೇಸಿಲ್ಲ, ನಾನೇ ಸಾಕ್ಷಿ. ಪಂಚಾಯ್ತಿ ಸ್ಥಾನಗಳನ್ನು ಗುಡಿ ಕಟ್ಟೆಯ ಮೇಲೆ ಹರಾಜು ಹಾಕಿ "ಅವಿರೋಧ ಆಯ್ಕೆ, ಊರಿಗೇ ಮಾದರಿ" ಎಂದು ಪೇಪರಿಗೆ ಕೊಡುತ್ತಾರೆ. 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ರಾಜ್ಯ ಚುನಾವಣಾ ಆಯೋಗವೇ ಎಚ್ಚರಿಕೆ ಕೊಡಬೇಕಾಯಿತು. ಅಲ್ಲಿ ಪಟ್ಟಿಯಲ್ಲಿ ಹೆಸರಿದ್ದೂ ಓಟಿಲ್ಲ. ನಮ್ಮ ಯಾವ ಪತ್ರಿಕೆ ಅದನ್ನು ಮತದ ಕೊಲೆ ಎಂದು ಬರೆಯಿತು?

ಜಾಂಬವ, ಪ್ಯಾಂಥರ್ ಎಂದು ದೂರದೂರದ ಹೆಸರುಗಳನ್ನು ತಂದುಕೊಂಡ ನಾವು ಅಮೆರಿಕದ ಕರಿಯರ ಇನ್ನೊಂದು ಪಾಠವನ್ನು ತರಲಿಲ್ಲ. ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಓಟಿಗೆ ಹೆಸರು ಬರೆಸಬೇಕಾದರೆ ಓದಿ ತೋರಿಸಬೇಕಿತ್ತು. ಓದು ಕಲಿಸದೇ ಇಟ್ಟವರೇ ಓದು ಕೇಳುತ್ತಿದ್ದರು. 1957ರ ಜನವರಿಯಲ್ಲಿ ಅಲ್ಲಿ ಒಂದು ರಾತ್ರಿ ಶಾಲೆ ಶುರುವಾಯಿತು. ಮುಂದೆ ಕಿರಾಣಿ ಅಂಗಡಿ, ಹಿಂದೆ ಶಾಲೆ, ಬಿಳಿಯರಿಗೆ ಅನುಮಾನ ಬಾರದಿರಲಿ ಎಂದು. ಪಾಠ ಹೇಳಿದ ಬರ್ನಿಸ್ ರಾಬಿನ್ಸನ್ ತಲೆಗೂದಲು ಬಾಚಿ ಸಿಂಗರಿಸುವ ಕೆಲಸದವಳು, ಟೀಚರಲ್ಲ. ಅವಳ ಹಿಂದೆ ನಿಂತ ಸೆಪ್ಟಿಮಾ ಕ್ಲಾರ್ಕ್ ಮಾತ್ರ ಟೀಚರು, ಕರಿಯರ ಹಕ್ಕಿನ ಸಂಘ ಬಿಡುವುದಿಲ್ಲವೆಂದದ್ದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡವಳು. ಮೊದಲ ತರಗತಿಗೆ ಬಂದವರು ಹದಿನಾಲ್ಕು ಜನ. ಅಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು. 1965ರ ಮತದ ಹಕ್ಕಿನ ಕಾಯ್ದೆಗೆ ಮೆರವಣಿಗೆಗಳು ಕಾರಣ ಅನ್ನುತ್ತೇವೆ, ಸರಿಯೇ. ಮೆರವಣಿಗೆಯಲ್ಲಿ ನಡೆದ ಕಾಲುಗಳಲ್ಲಿ ಎಷ್ಟೋ ಮೊದಲು ಅಂಥ ಶಾಲೆಯ ಬೆಂಚಿನ ಕೆಳಗೆ ಇದ್ದವು.

ಇವತ್ತು ಎಲ್ಲರ ಬಾಯಲ್ಲೂ ಯಂತ್ರದ ಮಾತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಲು ತೀರ್ಮಾನಿಸಿತು. ಇರಲಿ, ತಕರಾರಿಲ್ಲ. 2024ರ ನವೆಂಬರಿನಲ್ಲಿ ಶಿಗ್ಗಾವಿ ಉಪಚುನಾವಣೆಯ ಬೆನ್ನಿಗೇ ಹಾವೇರಿ ಹತ್ತಿರದ ಯತ್ತಿನಹಳ್ಳಿಯ ಬಳಿ ಹಳೆಯ ಖಾಲಿ ಮತಪೆಟ್ಟಿಗೆಗಳು ಬಿದ್ದಿದ್ದು ಕಂಡಾಗ ಎಷ್ಟು ಗದ್ದಲವಾಯಿತು! ಟಿವಿಯವರು ಬಂದರು, ಅಧಿಕಾರಿಗಳು ಓಡಿಬಂದರು. ಆ ಚುನಾವಣೆಗೂ ಆ ಪೆಟ್ಟಿಗೆಗಳಿಗೂ ಸಂಬಂಧವಿಲ್ಲ, ಉಗ್ರಾಣದಿಂದ ಕದ್ದವು ಎಂದು ಗೊತ್ತಾಯಿತು. ಕಬ್ಬಿಣದ ಖಾಲಿ ಪೆಟ್ಟಿಗೆ ಕಳುವಾದರೆ ಜಿಲ್ಲೆ ಎದ್ದು ಕೂರುತ್ತದೆ. ನನ್ನ ಪೆನ್ನಿನಿಂದ ಐದು ಜನ ಕಳುವಾದಾಗ ಒಂದು ನಾಯಿಯೂ ಬೊಗಳಲಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಪಟ್ಟಿಯಲ್ಲಿ ಸತ್ತವರಿದ್ದಾರೆ, ಎರಡೆರಡು ಕಡೆ ಹೆಸರಿದ್ದವರಿದ್ದಾರೆ. ಇದು ಸುಳ್ಳಲ್ಲ, ನಾನೇ ನೋಡಿದ್ದೇನೆ. ಮದುವೆಯಾಗಿ ರಾಣೆಬೆನ್ನೂರಿಗೆ ಹೋದವಳ ಹೆಸರು ತವರಲ್ಲೂ ಇರುತ್ತದೆ. ಪಟ್ಟಿ ಸ್ವಚ್ಛವಾಗಬೇಕು ಎಂಬುದನ್ನು ನಮ್ಮ ಸಂಘಟನೆಗಳು ವಿರೋಧಿಸಬಾರದು. ವಿರೋಧಿಸಿದರೆ ಕಳ್ಳ ಓಟಿನ ಪರ ನಿಂತ ಹಾಗಾಗುತ್ತದೆ. ಪ್ರಶ್ನೆ ಇರುವುದು ಸಾಕ್ಷ್ಯದ ಹೊರೆ ಯಾರ ತಲೆಯ ಮೇಲೆ ಎಂಬುದರಲ್ಲಿ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಮ್ಮೆ ಪಟ್ಟಿಯಲ್ಲಿ ಹೆಸರಿದ್ದವನನ್ನು ತೆಗೆಯಬೇಕಾದರೆ ಅವನಿಗೆ ತಿಳಿಸಿ, ವಿಚಾರಿಸಿ, ಅವನ ಮಾತು ಕೇಳಿ ತೆಗೆಯಬೇಕು ಎಂದಿತ್ತು. ಬಿಹಾರದಲ್ಲಿ ಹೊರೆ ತಿರುವುಮುರುವಾಯಿತು. ಹಳೆಯ ಪಟ್ಟಿಯಲ್ಲಿ ನಿನ್ನದೋ ನಿನ್ನ ಅಪ್ಪನದೋ ಹೆಸರು ತೋರಿಸು ಎಂಬಂತಾಯಿತು. ಕರ್ನಾಟಕದಲ್ಲಿ ಅಂಥ ತೀವ್ರ ಪರಿಷ್ಕರಣೆ ಹಿಂದೆ ನಡೆದದ್ದು 2002ರಲ್ಲಿ. ಹಾವೇರಿ ಜಿಲ್ಲೆಯಾಗಿ ಆಗ ಐದೇ ವರ್ಷ. ಕ್ಷೇತ್ರಗಳ ಗಡಿ 2008ರಲ್ಲಿ ಬದಲಾಗಿ ಹಾವೇರಿ ಮೀಸಲು ಕ್ಷೇತ್ರವಾದದ್ದು ಆಮೇಲಿನ ಮಾತು. ಹಳೆಯ ಪಟ್ಟಿಯಲ್ಲಿ ಊರು ಯಾವ ಕ್ಷೇತ್ರದಲ್ಲಿತ್ತು, ಯಾವ ಭಾಗದಲ್ಲಿತ್ತು ಎಂದು ಮಾಸ್ತರನಿಗೇ ಹುಡುಕಲಿಕ್ಕೆ ತ್ರಾಸು. 2002ರಲ್ಲಿ ಗುಳೆ ಹೋಗಿದ್ದವನ ಮಗ ಅಪ್ಪನ ಹೆಸರನ್ನು ಎಲ್ಲಿಂದ ತರಬೇಕು? ಅಂದು ತಪ್ಪಿದ ಒಂದು ಹೆಸರು ಇಂದು ಎರಡು ತಲೆಮಾರನ್ನು ಹೊರಗೆ ನಿಲ್ಲಿಸಬಹುದು.

ಮುದುಕಿಯ ಮಾತು ಕೇಳಿದ ಮೇಲೆ ನಾವು ಐದಾರು ಮಂದಿ ಒಂದು ಕೆಲಸ ಹಿಡಿದೆವು. ಸಂಘಟನೆ ಎನ್ನುವಷ್ಟು ದೊಡ್ಡದಲ್ಲ, ಬೋರ್ಡು ಇಲ್ಲ, ರಸೀದಿ ಪುಸ್ತಕ ಇಲ್ಲ. ಇಬ್ಬರು ಮಾಸ್ತರು, ಒಬ್ಬ ಅಂಗನವಾಡಿ ಅಕ್ಕ, ಕಾಲೇಜಿಗೆ ಹೋಗುವ ಹುಡುಗರು. ಗುಳೆ ಹೊರಡುವುದಕ್ಕೆ ಮುಂಚೆ ಒಂದು ಸಲ, ಯುಗಾದಿಗೆ ಬಂದಾಗ ಇನ್ನೊಂದು ಸಲ, ರಾತ್ರಿ ಊಟವಾದ ಮೇಲೆ ಕೇರಿಯ ನಡುವೆ ಕೂತು ಪಟ್ಟಿ ಓದುತ್ತೇವೆ. ಭಾಷಣ ಇಲ್ಲ. ಶಾಲೆಯ ಹಾಜರಿ ಕೂಗಿದ ಹಾಗೆ ಹೆಸರು ಕೂಗುವುದು. ಕತ್ತಲಿನಿಂದ ಉತ್ತರ ಬರುತ್ತದೆ. "ಅದಾನ್ರಿ." "ಅದಾಳ." "ಸತ್ತು ಎರಡ ವರ್ಷಾತು." "ಗೋವಾದಾಗ ಅದಾನ, ಹುಣ್ವಿಗೆ ಬರ್ತಾನ." ಸತ್ತವರ ಹೆಸರಿಗೆ ನಾವೇ ಫಾರಂ 7 ಬರೆಸುತ್ತೇವೆ, ಮನೆಯವರ ಕೈಯಿಂದ. ಬಿಟ್ಟುಹೋದವರಿಗೆ ಫಾರಂ 6. ತಪ್ಪು ಬಿದ್ದಿದ್ದಕ್ಕೆ ಫಾರಂ 8. ಗುಳೆ ಹೋಗುವವರು ವಾಪಸು ಬರುವ ತಿಂಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಈಗಿನ ಬಿಎಲ್ಓ ಅಕ್ಕನಿಗೆ ಕೊಡುತ್ತೇವೆ. ಬೀಗ ಕಂಡಾಗ ಆಕೆ ನೋಟುಬುಕ್ಕು ನೋಡುತ್ತಾಳೆ.

ಮೊದಲ ಸಲ ಓದಿದ ರಾತ್ರಿ ಆ ಮುದುಕಿಯೂ ಬಂದು ಕೂತಿದ್ದಳು. ಮತ್ತೆ ಸೇರಿಸಿದ ಐದು ಹೆಸರು ಪಟ್ಟಿಯ ಕೊನೆಯ ಪುಟದಲ್ಲಿದ್ದವು. ಅವಳ ಹೆಸರು ಕೂಗಿದಾಗ ಉತ್ತರ ಬರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು. "ಯವ್ವಾ, ಅದೀ ಅನ್ನು" ಅಂದ ಮೊಮ್ಮಗ.

"ಇನ್ನೊಮ್ಮೆ ಓದ್ರಿ ಮಾಸ್ತರ್‍ರ," ಅಂದಳು, "ಯಾರ ಬರದಿದ್ರು ಊರ ಬಿಟ್ಟೇವಂತ, ಅವ್ರ ಹೆಸರೂ ಓದ್ರಿ."

ಆ ರಾತ್ರಿ ಹೇಳಿದೆ.